ನಲವತ್ತೊಂದನೆಯ ತೀರ್ಪು

ಆ ಕುರ್ಚಿಯನ್ನು ಬೇರೆ ಯಾರಿಗೂ ಕೊಡಬಾರದೆಂದು ನಾನು ಆರು ವರ್ಷದಿಂದ ಹಟ ಹಿಡಿದಿದ್ದೇನೆ. ನನ್ನ ಹಟ ಯಾರಿಗೂ ಗೊತ್ತಿಲ್ಲ ಎಂದೂ ತಿಳಿದಿದ್ದೆ. ಹೋದ ಭಾನುವಾರ ಮಧ್ಯಾಹ್ನ ಅದು ಬರೀ ನನ್ನ ಭ್ರಮೆ ಎಂದು ಗೊತ್ತಾಯಿತು.

ಕುರ್ಚಿ ಅಂಥ ವಿಶೇಷದ್ದೇನಲ್ಲ. ಮರದ್ದು, ಬೆನ್ನಿನ ಒಂದು ಪಟ್ಟಿ ಸಡಿಲ, ಒರಗಿದರೆ ಕಿರ್ ಎನ್ನುತ್ತದೆ. ಮಾವನ ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿಕೊಂಡು ಇರುತ್ತದೆ. ಅದು ನನ್ನ ಅಕ್ಕನ ಕುರ್ಚಿ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದ ಹಿಂದೆ ದೂರದ ಊರಿನ ಆಸ್ಪತ್ರೆಗೆ ಹೊರಟು ಹೋದಳು. ಹೋಗುವ ಮುಂಚೆ ಅವಳು ಕೊನೆಯದಾಗಿ ಕೂತದ್ದು ಅದರ ಮೇಲೆ, ಕೊನೆಯದಾಗಿ ಜಗಳ ಆಡಿದ್ದು ನನ್ನ ಜೊತೆ. ಜಗಳ ಶುರುವಾದದ್ದು ಒಂದು ಈಟಿಯ ವಿಷಯಕ್ಕೆ. ನಗಬೇಡಿ, ಹೇಳುತ್ತೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿ ನೋಡಿಕೊಂಡು ಫ್ರೇಮು ಆರಿಸುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿಯುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಫ್ರೇಮಿನಲ್ಲಿ ಕೂರುವುದಿಲ್ಲ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವಳಿಗೆ 'ಸುಮಾರಾಗಿ' ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಕೋಪವೂ ಮೂಗಿನ ತುದಿಯಲ್ಲೇ ಇದೆ, ಕನ್ನಡಕದ ಪಕ್ಕದಲ್ಲಿ. ಆಟದ ಮೇಜಿನಲ್ಲಿ ನನಗೆ 'ವಕೀಲೆ' ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ಆಟ ಹೀಗಿದೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಆ ಕತೆಯೊಳಗೆ ತಲಾ ಒಂದೊಂದು ಪಾತ್ರ. ನೀವು ಸುರಂಗದ ಬಾಯಲ್ಲಿ ನಿಂತಿದ್ದೀರಿ, ಒಳಗೆ ಯಾರೋ ಕೆಮ್ಮಿದರು, ಏನು ಮಾಡ್ತೀರಿ ಎಂದು ಕತೆ ನಡೆಸುವವರು ಕೇಳುತ್ತಾರೆ. ಏನು ಮಾಡುತ್ತೇವೆಂದು ನಾವು ಹೇಳುತ್ತೇವೆ, ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಯುದ್ಧ ಬಂದರೆ ಚೌಕುಳಿ ಗೆರೆ ಎಳೆದ ಹಲಗೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳನ್ನು ನಿಲ್ಲಿಸಿ ಮನೆಯಿಂದ ಮನೆಗೆ ಸರಿಸುತ್ತೇವೆ. ಇದೇನು ವಯಸ್ಸಾದವರು ಆಡುವ ಆಟವೇ ಎಂದು ನಮ್ಮ ಅಂಗಡಿಯ ಯಜಮಾನರು ಒಮ್ಮೆ ಕೇಳಿದ್ದರು. ನೀವು ಟೀವಿ ಮುಂದೆ ಕೂತು ಯಾರೋ ಆಡುವ ಆಟಕ್ಕೆ ಮನೆ ಹಾರಿ ಹೋಗುವಂತೆ ಕಿರುಚುವುದಿಲ್ಲವೇ ಎಂದೆ. ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಕತೆ ನಡೆಸುವವನು ನಮ್ಮ ಮಾವ, ಅಮ್ಮನ ತಮ್ಮ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಕಸುಬು. ಆಟದ ನಿಯಮಗಳ ಪುಸ್ತಕ ಅವನ ಕೈಗೆ ಬಂದದ್ದೂ ಹಾಗೆಯೇ. ಯಾರೋ ಬೈಂಡಿಂಗ್‌ಗೆ ಕೊಟ್ಟು ಹೋದರು, ತಿರುಗಿ ಬರಲೇ ಇಲ್ಲ. ಒಂದು ವರ್ಷ ಕಾದು ಮಾವ ಅದನ್ನು ಬಿಡಿಸಿ ಓದಿದ. ಓದಿ ಮುಗಿಸುವಷ್ಟರಲ್ಲಿ ನನ್ನನ್ನೂ ಅಕ್ಕನನ್ನೂ ಮೇಲಿನ ಕೋಣೆಗೆ ಕರೆದು ಕೂರಿಸಿದ್ದ. ನಾಲ್ಕನೆಯವನಾಗಿ ಪಕ್ಕದ ಮನೆಯ ಲಿಫ್ಟ್ ಮೆಕ್ಯಾನಿಕ್ ಸೇರಿಕೊಂಡ. ಅವನನ್ನು ನಾವು ಲಿಫ್ಟು ಎಂದೇ ಕರೆಯುವುದು. ಊರಿನ ಎಲ್ಲರನ್ನೂ ಮೇಲಕ್ಕೆ ಕಳಿಸುವವನು ಎಂದು ತಾನೇ ಜೋಕು ಹೊಡೆದುಕೊಂಡು ತಾನೇ ನಗುತ್ತಾನೆ. ಕೆಟ್ಟವನಲ್ಲ, ಆದರೆ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಆ ಪುಸ್ತಕಕ್ಕೆ ಒಂದು ಊನ ಇತ್ತು, ಅದು ಮಾವನದೇ ಕೊಡುಗೆ. ರಟ್ಟು ಕಟ್ಟುವ ಮುಂಚೆ ಹಾಳೆಗಳ ಅಂಚನ್ನು ಕಟಿಂಗ್ ಮೆಷಿನ್ನಿನಲ್ಲಿ ಸಮ ಮಾಡುತ್ತಾರೆ. ಅದಕ್ಕೂ ಮೊದಲು ಕಟ್ಟನ್ನು ಮೇಜಿನ ಮೇಲೆ ತಟ್ಟಿ ತಟ್ಟಿ ಎಲ್ಲ ಹಾಳೆಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಆವತ್ತು ಮಾವ ತಟ್ಟಿದ್ದು ಸಾಲಲಿಲ್ಲ. ಮಧ್ಯದ ಹದಿನಾರು ಪುಟ ಜಾರಿ ಕೆಳಗೆ ಇಳಿದಿದ್ದವು. ಅಲಗು ಬಂದು ಅವುಗಳ ಅಡಿಟಿಪ್ಪಣಿಗಳನ್ನು ಕಚಕ್ಕೆಂದು ತೆಗೆದುಬಿಟ್ಟಿತು. ಆ ಹದಿನಾರು ಪುಟವೇ ಆಯುಧಗಳ ಅಧ್ಯಾಯ. ಒಂದೊಂದು ಆಯುಧದ ಹೆಸರಿನ ಪಕ್ಕದಲ್ಲೂ ನಕ್ಷತ್ರದ ಗುರುತಿದೆ, 'ಕೆಳಗೆ ನೋಡಿ' ಎಂದು. ಕೆಳಗೆ ನೋಡಿದರೆ ಪುಟವೇ ಮುಗಿದಿದೆ. ಬೇರೆ ಪ್ರತಿ ಹುಡುಕೋಣ ಎಂದು ಲಿಫ್ಟು ಒಮ್ಮೆ ಫೋನು ತೆಗೆದಿದ್ದ. ಹುಡುಕಿದವರು ನಾಳೆಯಿಂದ ಬರೋದು ಬೇಡ ಎಂದ ಮಾವ. ತನ್ನ ತಪ್ಪಿನ ಮೇಲೆ ಅವನಿಗೆ ಅಷ್ಟು ಅಭಿಮಾನ.

ಹೀಗಾಗಿ ತೀರ್ಪಿನ ಪುಸ್ತಕ ಬಂತು. ಅಂಗಡಿಯಲ್ಲಿ ಮಿಕ್ಕ ಖಾಲಿ ಹಾಳೆಗಳನ್ನು ಸೇರಿಸಿ ಮಾವ ತಾನೇ ಹೊಲಿದದ್ದು, ಕಂದು ಬಟ್ಟೆಯ ರಟ್ಟಿನದು. ಅದರ ಜೊತೆಗೆ ಒಂದು ಹಸಿರು ಪೆನ್ನು. ಬೇರೆ ಯಾವುದಕ್ಕೂ ಅದನ್ನು ಮುಟ್ಟುವ ಹಾಗಿಲ್ಲ. ಅನುಮಾನ ಎತ್ತಿದವರು ಪ್ರಶ್ನೆಯನ್ನು ಬರೆಯಬೇಕು. ಆಮೇಲೆ ಗಂಟಲು ಹರಿಯುವವರೆಗೆ ವಾದ. ಮಾವ ತೀರ್ಪು ಕೊಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ, "ಯಾರು ಸೋತ್ರಿ?" ಎಂದು ಕೇಳುತ್ತಿದ್ದ, ಅಷ್ಟೇ. ಸೋತವರು ಗೆದ್ದವರಿಗೆ 'ನಾನು ಸೋತೆ' ಎಂದು ಬಾಯಿಬಿಟ್ಟು ಹೇಳಿ, ತಮ್ಮ ಕೈಯಿಂದಲೇ ತೀರ್ಪು ಬರೆಯಬೇಕು. ಗೆದ್ದವರು ಬರೆದರೆ ಬೇಕಾದ್ದಕ್ಕಿಂತ ಹೆಚ್ಚು ಬರೆಯುತ್ತಾರೆ ಎಂದು ಮಾವನ ಲೆಕ್ಕಾಚಾರ. ಒದ್ದೆಯಾದ ಬಿಲ್ಲಿನಿಂದ ಎಷ್ಟು ದೂರ ಬಾಣ ಹೋಗುತ್ತದೆ, ಬಲೆಯನ್ನು ನೀರೊಳಗೆ ಎಸೆದರೆ ಸಿಕ್ಕಿಕೊಳ್ಳುತ್ತಾರೋ ಇಲ್ಲವೋ, ಎರಡು ಕೈಯಲ್ಲಿ ಹಿಡಿಯುವ ಕೊಡಲಿಯನ್ನು ಏಣಿ ಮೇಲೆ ನಿಂತು ಬೀಸಬಹುದೇ, ಹೀಗೆ ಐದು ವರ್ಷದಲ್ಲಿ ನಲವತ್ತು ತೀರ್ಪು ಆದವು. ಅದರಲ್ಲಿ ಇಪ್ಪತ್ಮೂರು ಅಕ್ಕನ ಕೈಬರಹ. ಅವಳಿಗೆ ಸೋಲುವುದು ಕಷ್ಟವೇ ಅಲ್ಲ. ನನ್ನ ಕೈಬರಹ ಐದು ಕಡೆ ಇದೆ, ಐದರಲ್ಲೂ ಪೆನ್ನು ಹಾಳೆಯನ್ನು ಸ್ವಲ್ಪ ಹರಿದಿದೆ.

ಆಸ್ಪತ್ರೆಯಲ್ಲಿ ಇಡೀ ದಿನ ಗಾಯ ಕಟ್ಟುವವಳು, ಆಟದಲ್ಲಾದರೂ ಗಾಯ ಮಾಡುತ್ತೇನೆ ಎಂದು ಅಕ್ಕ ಈಟಿಗಾತಿಯಾಗಿದ್ದಳು. ನಾನು ವೈದ್ಯೆ. ಆ ಕೊನೆಯ ಭಾನುವಾರದ ಆಟದಲ್ಲಿ ನನ್ನ ವೈದ್ಯೆ ಏಟು ತಿಂದು ಪ್ರಜ್ಞೆ ತಪ್ಪಿ ಒಂದು ಕೋಣೆಯೊಳಗೆ ಬಿದ್ದಿದ್ದಳು. ಕೋಣೆಗೆ ಒಂದೇ ಬಾಗಿಲು. ಬಾಗಿಲಲ್ಲಿ ಅಕ್ಕನ ಈಟಿಗಾತಿ ಅಡ್ಡ ನಿಂತಿದ್ದಳು. ಎದುರಿಗಿದ್ದ ಕಲ್ಲುಮನುಷ್ಯ ಒಂದೊಂದೇ ಮನೆ ಮುಂದೆ ಬಂದು ಅವಳ ಪಕ್ಕದ ಮನೆಗೇ ಬಂದು ನಿಂತ. ಉದ್ದ ಈಟಿ ಎರಡು ಮನೆ ದೂರದವರಿಗೆ ತಾಗುತ್ತದೆ ಎಂದು ಪುಸ್ತಕದಲ್ಲಿದೆ. ಪಕ್ಕದ ಮನೆಯಲ್ಲೇ ನಿಂತವನಿಗೆ ತಾಗುತ್ತದೆಯೇ? ನಕ್ಷತ್ರದ ಗುರುತಿದೆ, ಟಿಪ್ಪಣಿ ಇಲ್ಲ. ಅಕ್ಕ ಹಸಿರು ಪೆನ್ನು ತೆಗೆದು ನಲವತ್ತೊಂದು ಎಂದು ಹಾಕಿ ಪ್ರಶ್ನೆ ಬರೆದಳು.

ನಿಜ ಹೇಳುತ್ತೇನೆ. ಆ ಗಳಿಗೆಯವರೆಗೆ ನನಗೂ ತಾಗುತ್ತದೆ ಎಂದೇ ಅನ್ನಿಸಿತ್ತು. ಹಿಡಿಯನ್ನು ಸ್ವಲ್ಪ ಮುಂದೆ ಹಿಡಿದುಕೊಂಡರೆ ಆಯಿತು, ಅದರಲ್ಲೇನಿದೆ. ಅಲ್ಲದೆ ಅವಳು ಕಾಯುತ್ತಿದ್ದದ್ದು ನನ್ನನ್ನೇ. ಅಕ್ಕ ಬರೆದು ಮುಗಿಸುತ್ತಿದ್ದಾಗ ಲಿಫ್ಟು ಬಿಸ್ಕತ್ತು ಚಹಾಕ್ಕೆ ಅದ್ದುತ್ತ, "ಸಿಸ್ಟರ್, ಟ್ರಂಕು ಬುಧವಾರ ಬೆಳಿಗ್ಗೆ ಇಳಿಸಿದ್ರೆ ಸಾಕಲ್ವಾ?" ಎಂದು ಕೇಳಿದ.

ಯಾವ ಟ್ರಂಕು ಎಂದು ನಾನು ಕೇಳಿದೆ. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಲಿಫ್ಟು ಅದನ್ನು ಚಮಚದಲ್ಲಿ ಹುಡುಕುತ್ತ ತಲೆ ಬಗ್ಗಿಸಿದವನು ಮತ್ತೆ ಎತ್ತಲಿಲ್ಲ. ಕೊನೆಗೆ ವಿಷಯವನ್ನು ಮಾವನೇ ಹೇಳಬೇಕಾಯಿತು.

ಅಮ್ಮನಿಗೆ ಆಗ ಬಲಭಾಗ ಸ್ವಾಧೀನ ತಪ್ಪಿ ಮೂರು ವರ್ಷ. ಬೆಳಿಗ್ಗೆ ನಾನು, ಸಂಜೆ ಅಕ್ಕ, ಹೀಗೆ ಹಂಚಿಕೊಂಡು ನೋಡಿಕೊಳ್ಳುತ್ತಿದ್ದೆವು. ಮೈ ನೋಯದ ಹಾಗೆ ಮಗ್ಗುಲು ಹೊರಳಿಸುವುದನ್ನು ನನಗೆ ಕಲಿಸಿದವಳೇ ಅಕ್ಕ. ಅಂಥವಳು ಎರಡು ದಿನದ ದಾರಿಯ ಊರಿಗೆ, ಅಲ್ಲಿನ ಪಾರ್ಶ್ವವಾಯು ವಾರ್ಡು ನೋಡಿಕೊಳ್ಳಲು ಹೊರಟಿದ್ದಾಳೆ. ಮಾವನಿಗೆ ಗೊತ್ತಿದೆ, ಪಕ್ಕದ ಮನೆಯವನಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಆದರೆ ನಾನು ಟ್ರಂಕಿನ ಮಾತನ್ನು ಮತ್ತೆ ಎತ್ತಲಿಲ್ಲ. ವಕೀಲೆ ಅಲ್ಲವೇ? ಈಟಿಯ ಮಾತು ಎತ್ತಿದೆ. ತಾಗುವುದಿಲ್ಲ, ಸಾಧ್ಯವೇ ಇಲ್ಲ, ಅಷ್ಟು ಉದ್ದದ ಕೋಲು ಪಕ್ಕದವನಿಗೆ ಹೇಗೆ ತಾಗುತ್ತದೆ ಎಂದು ಮುಕ್ಕಾಲು ಗಂಟೆ ವಾದ ಮಾಡಿದೆ. ಅಕ್ಕ ಸಮಾಧಾನವಾಗಿಯೇ ಉತ್ತರ ಕೊಡುತ್ತಿದ್ದಳು, ಅದು ನನ್ನನ್ನು ಇನ್ನೂ ಕೆರಳಿಸಿತು. ಕೊನೆಗೆ ನಾನು ಅಂದೆ:

"ದೂರದವರಿಗೆಲ್ಲ ನಿನ್ನ ಕೈ ಮುಟ್ಟುತ್ತೆ. ಪಕ್ಕದಲ್ಲಿ ಬಿದ್ದಿರೋರಿಗೆ ಮಾತ್ರ ಮುಟ್ಟಲ್ಲ. ಈಟಿನೂ ಹಾಗೇನೇ, ನೀನೂ ಹಾಗೇನೇ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ತೀರ್ಪಿನ ಪುಸ್ತಕದ ನಡುವೆ ಇಟ್ಟಳು, ಎದ್ದಳು, ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿ ಕೆಳಗಿಳಿದು ಹೋದಳು. ಬುಧವಾರ ಟ್ರಂಕು ಇಳಿಯಿತು. ನಾನು ಅಂಗಡಿಯಿಂದ ಬರಲೇ ಇಲ್ಲ.

ಎರಡು ವರ್ಷ ಕಳೆದು ಅಮ್ಮ ಹೋದಾಗ ಅಕ್ಕ ಬಂದು ಮೂರು ದಿನ ಇದ್ದಳು. ಬೀಗದ ಕೈ ಯಾರ ಹತ್ತಿರ ಇರಬೇಕು, ಅಮ್ಮನ ಗಾಲಿ ಕುರ್ಚಿ ಯಾರಿಗೆ ಕೊಡಬೇಕು, ಇಷ್ಟೇ ಮಾತಾಡಿದೆವು. ಅವಳು ಹೋದ ಮೇಲೆ ಮಾವ ಹೇಳಿದ. ಆ ಕೆಲಸಕ್ಕೆ ಹೋಗು ಎಂದು ಹಟ ಮಾಡಿದವಳು ಅಮ್ಮನೇ ಅಂತೆ. ತನ್ನನ್ನು ನೋಡಿಕೊಂಡು ಕಲಿತದ್ದು ನಾಲ್ಕು ಜನಕ್ಕೆ ಸಿಗಲಿ ಎಂದಳಂತೆ. ನನಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲವಂತೆ. ಅಂದು ಅಂಗಡಿಯಲ್ಲಿ ಒಂದೇ ದಿನ ಮೂರು ಗಾಜು ಒಡೆದೆ. ಫೋನು ಮಾಡಬೇಕು ಎಂದುಕೊಂಡೆ. ಮಾಡಲಿಲ್ಲ. ಮೊದಲ ವಾರ ಕಳೆದರೆ ಎರಡನೆಯ ವಾರ ಇನ್ನೂ ಕಷ್ಟ, ಒಂದು ವರ್ಷ ಕಳೆದರೆ ಏನು ಹೇಳಿ ಶುರು ಮಾಡಬೇಕೆಂದೇ ತೋಚುವುದಿಲ್ಲ. ಹುಟ್ಟಿದ ದಿನಕ್ಕೆ ಅವಳಿಂದ ಒಂದು ಸಾಲು ಬರುತ್ತದೆ, ನಾನು ಒಂದು ಸಾಲು ಕಳಿಸುತ್ತೇನೆ.

ನನ್ನ ಕೈಯಲ್ಲಿ ಉಳಿದದ್ದು ಹನ್ನೆರಡನೆಯ ತೀರ್ಪು ಮಾತ್ರ. 'ಯುದ್ಧದ ನಡುವೆ ನಿಂತಿರುವವರ ಕುರ್ಚಿಯನ್ನು ಯಾರಿಗೂ ಕೊಡುವ ಹಾಗಿಲ್ಲ.' ಹಿಂದೆ ಲಿಫ್ಟು ಕಾಲು ಮುರಿದುಕೊಂಡು ಎರಡು ತಿಂಗಳು ಬರದೇ ಇದ್ದಾಗ ಆದ ತೀರ್ಪು ಅದು. ಈಟಿಗಾತಿ ಬಾಗಿಲಲ್ಲಿ ನಿಂತಿರುವವರೆಗೆ ಕುರ್ಚಿ ಅಕ್ಕನದು. ನಲವತ್ತೊಂದು ಇತ್ಯರ್ಥವಾಗುವವರೆಗೆ ಆ ಯುದ್ಧ ಮುಂದುವರಿಯುವುದಿಲ್ಲ. ಮಾವ ಗೊಂಬೆಗಳ ಅಡಿಗೆ ಹಿಟ್ಟಿನ ಅಂಟು ಹಚ್ಚಿ, ಕದಲದ ಹಾಗೆ ಕೂರಿಸಿ, ಹಲಗೆಯನ್ನು ಕಪಾಟಿನ ಮೇಲಿಟ್ಟ. ನಾವು ಮೂವರೂ ಬೇರೊಂದು ಕತೆ ಶುರು ಮಾಡಿದೆವು. ಹಳೆಯದನ್ನು ಮುಗಿಸೋಣವೇ ಎಂದು ಯಾರಾದರೂ ಅಂದಾಗೆಲ್ಲ ನನಗೆ ತಲೆನೋವು ಬರುತ್ತಿತ್ತು, ಇಲ್ಲವೇ ಅಂಗಡಿಯಲ್ಲಿ ಅರ್ಜೆಂಟು ಕೆಲಸ ನೆನಪಾಗುತ್ತಿತ್ತು.

ಹೋದ ಭಾನುವಾರ ಲಿಫ್ಟು ಸುತ್ತಿ ಬಳಸಿ ಮಾತು ತೆಗೆದ. ಅವನ ಹೆಂಡತಿಗೂ ಆಟ ಆಡಬೇಕಂತೆ. ಭಾನುವಾರ ಮಧ್ಯಾಹ್ನ ಒಬ್ಬಳೇ ಮನೆಯಲ್ಲಿ ಕೂತು ಗೋಡೆಯಾಚೆಯಿಂದ ನಮ್ಮ ಕೂಗಾಟ ಕೇಳಿ ಕೇಳಿ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ ಆಗಿವೆಯಂತೆ. ಹೇಗೂ ಕುರ್ಚಿ ಖಾಲಿ ಇದೆಯಲ್ಲ ಎಂದು ಕಿಟಕಿಯ ಕಡೆ ನೋಡಿದ.

ಹನ್ನೆರಡನೆಯ ತೀರ್ಪು ಓದಿಕೋ ಎಂದೆ. ನನ್ನ ದನಿ ನನಗೇ ಚುರುಕ್ಕೆನ್ನುವ ಹಾಗಿತ್ತು.

"ಹಾಗಾದ್ರೆ ಯುದ್ಧ ಮುಗಿಸಿಬಿಡೋಣ," ಎಂದ ಮಾವ. ನಾನು ಬಾಯಿ ತೆಗೆಯುವ ಮೊದಲೇ ಕೈ ಎತ್ತಿದ. "ತಲೆನೋವು ಅನ್ಬೇಡ. ಆರು ವರ್ಷದಿಂದ ಆ ಹಲಗೆ ಇಳಿಸೋಕೆ ನೀನು ಬಿಟ್ಟಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಲಿಫ್ಟು ಸ್ಟೂಲು ಹತ್ತಿ ಹಲಗೆ ಇಳಿಸಿದ. ಧೂಳು ಊದಿದಾಗ ಮೂವರಿಗೂ ಸೀನು ಬಂತು. ಮಾವನ ಅಂಟನ್ನು ಹುಳ ತಿಂದುಬಿಟ್ಟಿದ್ದವು; ಅದು ಹಿಟ್ಟಲ್ಲವೇ, ತಿನ್ನದೆ ಬಿಡುತ್ತವೆಯೇ? ಕಲ್ಲುಮನುಷ್ಯ ಮಾತ್ರ ಭಾರಕ್ಕೆ ನೆಟ್ಟಗೆ ನಿಂತಿದ್ದ. ಬಿದ್ದುಕೊಂಡಿದ್ದ ನನ್ನ ವೈದ್ಯೆ ಬಿದ್ದಲ್ಲೇ ಇದ್ದಳು. ಈಟಿಗಾತಿ ಬಾಗಿಲಿಂದ ಉರುಳಿ ಹಲಗೆಯ ಅಂಚಿಗೆ ಹೋಗಿ ಮುಖ ಕೆಳಗಾಗಿ ಮಲಗಿದ್ದಳು. ನಾನು ಅವಳನ್ನು ಎತ್ತಿ ಸೆರಗಿನಿಂದ ಒರೆಸಿದೆ. ಈಟಿಯ ತುದಿಗೆ ಅಕ್ಕ ಉಗುರಿನ ಬಣ್ಣ ಹಚ್ಚಿದ್ದಳು, ಅದು ಇನ್ನೂ ಕೆಂಪಗೇ ಇತ್ತು. ನನಗೆ ಅಕ್ಕ ಬೇಕಾಗಿತ್ತು. ಆಟಕ್ಕಲ್ಲ, ಕುರ್ಚಿ ತುಂಬುವುದಕ್ಕಲ್ಲ. ಎದುರಿಗೆ ಕೂತು ನನ್ನ ಮಾತಿಗೆ ಸಮಾಧಾನವಾಗಿ ಉತ್ತರ ಕೊಟ್ಟು ನನ್ನನ್ನು ಕೆರಳಿಸುವುದಕ್ಕೆ ಬೇಕಾಗಿತ್ತು.

ಮಾವ ತೀರ್ಪಿನ ಪುಸ್ತಕ ತೆರೆದು ನನ್ನ ಮುಂದಿಟ್ಟ. ಹಸಿರು ಪೆನ್ನು ಅವಳು ಇಟ್ಟ ಪುಟದಲ್ಲೇ ಇತ್ತು, ಹಾಳೆಯ ಮೇಲೆ ಅದರ ಅಚ್ಚು ಮೂಡಿತ್ತು. ಅಕ್ಕನ ದುಂಡು ಅಕ್ಷರ: 'ಉದ್ದ ಈಟಿ ಹಿಡಿದವರು ಪಕ್ಕದ ಮನೆಯಲ್ಲಿ ನಿಂತವರನ್ನು ಹೊಡೆಯಬಹುದೇ?' ಅದರ ಕೆಳಗೆ ಇಡೀ ಪುಟ ಖಾಲಿ.

"ಯಾರು ಸೋತ್ರಿ?" ಎಂದು ಮಾವ ಕೇಳಿದ. ಆರು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

ನಾನೇ ಸೋತೆ ಎಂದೆ. ಪೆನ್ನಿನ ಮುಚ್ಚಳ ತೆಗೆದೆ. ಬರೆದುಬಿಟ್ಟರೆ ಈಟಿ ಕಲ್ಲುಮನುಷ್ಯನಿಗೆ ತಾಗುತ್ತದೆ, ಅಕ್ಕನ ಪರವಾಗಿ ಯಾರೋ ದಾಳ ಹಾಕುತ್ತಾರೆ, ಯುದ್ಧ ಮುಗಿಯುತ್ತದೆ, ಮುಂದಿನ ಭಾನುವಾರ ಲಿಫ್ಟಿನ ಹೆಂಡತಿ ಆ ಕುರ್ಚಿಯಲ್ಲಿ ಕೂತು ಕಿರ್ ಎನ್ನಿಸುತ್ತಾಳೆ. ಪೆನ್ನು ಹಾಳೆಯ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ನನಗೆ ಹೇಳಿದ್ರೆ ಆಗಲ್ಲ," ಎಂದ ಮಾವ. "ಸೋತೆ ಅಂತ ಗೆದ್ದವರಿಗೆ ಹೇಳ್ಬೇಕು. ಆಮೇಲೆ ಬರಿ."

ಅವನ ಮುಖ ನೋಡಿದೆ. ಕನ್ನಡಕದ ಹಿಂದೆ ಅವನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಆ ಗಾಜು ನಾನೇ ಉಜ್ಜಿ ಕೂರಿಸಿದ್ದು. ಮುದುಕ ಇದನ್ನೆಲ್ಲ ಮೊದಲೇ ಯೋಚಿಸಿಟ್ಟಿದ್ದ. ಲಿಫ್ಟಿನ ಹೆಂಡತಿಗೆ ಆಟದ ಆಸೆ ಹಚ್ಚಿದವನೂ ಇವನೇ ಇರಬೇಕು ಎಂಬ ಅನುಮಾನ ಈಗಲೂ ನನಗಿದೆ. ಬೈಯಬೇಕೆಂದುಕೊಂಡೆ, ಬೈಗುಳ ಬರಲಿಲ್ಲ. ಚೀಲದಿಂದ ಫೋನು ತೆಗೆದೆ.

ನಾಲ್ಕು ಸಲ ರಿಂಗಾಯಿತು. ಎತ್ತದಿದ್ದರೆ ಸಾಕಪ್ಪ ಎಂದೂ ಅನ್ನಿಸಿತು, ಎತ್ತದಿದ್ದರೆ ಏನು ಗತಿ ಎಂದೂ ಅನ್ನಿಸಿತು.

"ಏನಾಯ್ತು? ಮಾವ ಹುಷಾರಾಗಿದ್ದಾನಾ?" ಅಕ್ಕನ ಮೊದಲ ಮಾತು ಅದು. ಹಲೋ ಕೂಡ ಇಲ್ಲ. ನನ್ನ ಫೋನು ಬಂತೆಂದರೆ ಯಾರಿಗೋ ಏನೋ ಆಗಿದೆ ಎಂದೇ ಅವಳು ತಿಳಿಯಬೇಕು. ನಾನು ಮಾಡಿಟ್ಟ ಕೆಲಸ ಅದು.

ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಮಾವ ಎದುರಿಗೇ ಕೂತು ಕಿವಿ ನಿಮಿರಿಸಿಕೊಂಡಿದ್ದಾನೆ ಎಂದೆ. ಆಮೇಲೆ ಉಸಿರು ಬಿಗಿ ಹಿಡಿದು ಒಂದೇ ಸಮನೆ ಹೇಳಿದೆ. "ನಲವತ್ತೊಂದಕ್ಕೆ ಫೋನ್ ಮಾಡಿದೆ. ಈಟಿ ಪಕ್ಕದವರಿಗೂ ತಾಗುತ್ತೆ. ನಾನು ಸೋತೆ ಅಕ್ಕ."

ಆ ಕಡೆ ಗಾಲಿಯ ಮಂಚವೊಂದು ಉರುಳಿ ಹೋದ ಸದ್ದು, ಯಾರೋ ನಲ್ಲಿ ತಿರುಗಿಸಿದ ಸದ್ದು. ಫೋನು ಕಟ್ಟಾಗಿಲ್ಲವಲ್ಲ ಎಂದು ಕಿವಿಯಿಂದ ತೆಗೆದು ನೋಡಿದೆ. ಸುಮ್ಮನಿರಲು ಭಯವಾಗಿ ಪುರಾವೆ ಒಪ್ಪಿಸತೊಡಗಿದೆ. ಅಂಗಡಿಯಲ್ಲಿ ಮೇಜಿನ ಕೆಳಗಿನ ಗಾಜಿನ ಪುಡಿ ಗುಡಿಸಲು ಉದ್ದ ಹಿಡಿಯ ಪೊರಕೆ ಇದೆ, ದೂರದ್ದು ಬೇಕಾದರೆ ತುದಿಯಲ್ಲಿ ಹಿಡಿಯುತ್ತೇನೆ, ಕಾಲ ಬುಡದ್ದು ಬೇಕಾದರೆ ಕೈ ಕೆಳಕ್ಕೆ ಸರಿಸುತ್ತೇನೆ, ಎರಡೂ ಸಿಗುತ್ತವೆ, ದಿನಾ ಗುಡಿಸುವಾಗ ನೀನು ಹೇಳಿದ್ದೇ ಸರಿ ಅನ್ನಿಸುತ್ತದೆ, ಹೀಗೆ.

"ಇಲ್ಲ ಕಣೇ," ಎಂದಳು ಅಕ್ಕ. ಅದೇ ಸಮಾಧಾನದ ದನಿ. "ತಾಗಲ್ಲ. ನೀನು ಹೇಳಿದ್ದೇ ಸರಿ. ಇಲ್ಲಿ ವಾರ್ಡಲ್ಲಿ ಮೇಲಿನ ಕಿಟಕಿ ತೆಗೆಯೋಕೆ ಒಂದು ಉದ್ದ ಕೋಲಿದೆ, ತುದಿಯಲ್ಲಿ ಕೊಕ್ಕೆ. ಕಿಟಕಿ ಕೆಳಗೇ ನಿಂತ್ಕೊಂಡ್ರೆ ಕೊಕ್ಕೆ ಸಿಗೋದೇ ಇಲ್ಲ. ಎರಡು ಹೆಜ್ಜೆ ಹಿಂದೆ ಹೋಗ್ಬೇಕು. ಆರು ವರ್ಷದಿಂದ ದಿನಾ ಬೆಳಿಗ್ಗೆ ಕಿಟಕಿ ತೆಗೀತೀನಿ. ದಿನಾ ಆ ಎರಡು ಹೆಜ್ಜೆ ಹಿಂದೆ ಇಡೋವಾಗ ನಿನ್ನನ್ನ ನೆನಸ್ಕೋತೀನಿ."

ನನ್ನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಲಿಫ್ಟು ಗಾಬರಿಯಿಂದ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದ.

"ಆವತ್ತು ನಾನು ಅಂದಿದ್ದು ಈಟಿಗೆ ಅಲ್ಲ," ಎಂದೆ ಕೊನೆಗೆ.

"ಗೊತ್ತು."

"ಅಮ್ಮನೇ ಕಳಿಸಿದ್ದು ಅಂತ ಆಮೇಲೆ ಗೊತ್ತಾಯ್ತು. ಅದರಲ್ಲೂ ನಾನೇ ಸೋತೆ."

"ಅದನ್ನ ಪುಸ್ತಕದಲ್ಲಿ ಬರೀಬೇಡ," ಎಂದಳು. ಅವಳ ದನಿಯೂ ಒದ್ದೆಯಾಗಿತ್ತು. "ನಾನೂ ನಿನಗೆ ಹೇಳ್ಬೇಕಾಗಿತ್ತು. ಕಲ್ಲುಮನುಷ್ಯನ ಎದುರು ನಿಂತೆ, ನಿನ್ನ ಎದುರು ನಿಲ್ಲೋಕೆ ಆಗಲಿಲ್ಲ."

ಮಾವನಿಗೆ ತಡೆಯಲಾಗಲಿಲ್ಲ. ಏನಂತೆ, ಏನಂತೆ ಎಂದು ಮೇಜು ಕುಟ್ಟಿದ. ಅವಳೂ ಸೋತಳಂತೆ ಎಂದೆ. ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಅಂಗಿಯಿಂದ ಒರೆಸಬೇಡ, ಗಾಜಿಗೆ ಗೀರು ಬೀಳುತ್ತದೆ ಎಂದು ಅವನಿಗೆ ನೂರು ಸಲ ಹೇಳಿದ್ದೇನೆ. ಆವತ್ತು ಹೇಳಲಿಲ್ಲ. ಇಬ್ಬರೂ ಸೋತರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ ಎಂದ. ಆಮೇಲೆ ಫೋನಿಗೆ ಕೇಳುವಂತೆ ಗಟ್ಟಿಯಾಗಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಾನೇ ತೀರ್ಪು ಕೊಟ್ಟ.

"ಸೋತವರು ಅವರ ಕೈಯಲ್ಲೇ ಬರೀಬೇಕು. ಇಬ್ಬರೂ ಸೋತಿದ್ರೆ ಇಬ್ಬರೂ ಇಲ್ಲೇ ಕೂತು ಬರೀರಿ. ಅಲ್ಲೀವರೆಗೆ ಯುದ್ಧ ಮುಗಿಯಲ್ಲ, ಕುರ್ಚಿನೂ ಯಾರಿಗೂ ಕೊಡಲ್ಲ."

ತನ್ನ ಹೆಂಡತಿ ಸ್ಟೂಲು ಮನೆಯಿಂದಲೇ ತರುತ್ತಾಳೆ ಎಂದ ಲಿಫ್ಟು, ಯಾರೂ ಕೇಳದಿದ್ದರೂ.

ಅಕ್ಕ ಕೇಳಿಸಿಕೊಂಡಿದ್ದಳು. ರಜೆ ಸಿಗುವುದು ಕಷ್ಟ ಎಂದಳು. ವಾರ್ಡಿಗೆ ಇಬ್ಬರು ಹೊಸಬರು ಬಂದಿದ್ದಾರೆ, ಅವರಿಗೆ ಇನ್ನೂ ರೋಗಿಗಳನ್ನು ಹೊರಳಿಸುವುದೇ ಬರುವುದಿಲ್ಲ, ದಾರಿಯೂ ಎರಡು ದಿನದ್ದು. "ನೋಡ್ತೀನಿ," ಎಂದಳು. ಅವಳ 'ನೋಡ್ತೀನಿ' ನನಗೆ ಚಿಕ್ಕಂದಿನಿಂದ ಗೊತ್ತು. ಅದು ಕೆಲವು ಸಲ ಹೂಂ, ಕೆಲವು ಸಲ ಇಲ್ಲ. ಮುಂಚೆಯೇ ಗೊತ್ತಾದದ್ದು ಒಂದು ಸಲವೂ ಇಲ್ಲ. ಬಾ ಎಂದು ಬಾಯಿಬಿಟ್ಟು ಕರೆಯಬೇಕು ಎನ್ನಿಸಿತು. ಆರು ವರ್ಷ ಕರೆಯದವಳು ಈಗ ಬಲವಂತ ಮಾಡುವುದು ಯಾವ ನ್ಯಾಯ ಎಂದೂ ಅನ್ನಿಸಿತು. ಕೊನೆಗೆ, "ಬಾ ಅಕ್ಕ," ಎಂದೇಬಿಟ್ಟೆ.

ಅವಳು ಬೇರೆಯದನ್ನೇ ಕೇಳಿದಳು.

"ಆ ಹಸಿರು ಪೆನ್ನು ಇನ್ನೂ ಇದೆಯಾ?"

"ಇದೆ. ನೀನು ಇಟ್ಟಲ್ಲೇ ಇದೆ."

"ಬರೆಯುತ್ತಾ?"

ಪೆನ್ನನ್ನು ಎಡಗೈಯ ಮೇಲೆ ಗೀಚಿದೆ. ಬರೀ ಬಿಳಿ ಗೀರು ಬಿತ್ತು. ಇನ್ನೊಂದು ಸಲ ಒತ್ತಿ ಗೀಚಿದೆ. ಏನೂ ಇಲ್ಲ. ಆರು ವರ್ಷದಲ್ಲಿ ಒಣಗಿ ಕಡ್ಡಿಯಾಗಿತ್ತು.

"ಬರೆಯುತ್ತೆ," ಎಂದೆ.

ಫೋನು ಇಟ್ಟ ಮೇಲೆ ಮಾವ ಹೊಸ ಅಂಟು ಕಲಸಿ ತಂದ. ಈಟಿಗಾತಿಯನ್ನು ಮತ್ತೆ ಬಾಗಿಲಲ್ಲಿ, ಅವಳಿದ್ದ ಮನೆಯಲ್ಲೇ ನಿಲ್ಲಿಸಿದೆವು. ಆಟ ಆಡುವ ಮನಸ್ಸು ಯಾರಿಗೂ ಇರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು, ಬೀದಿ ದಾಟಿ, ಮೂಲೆಯ ಸ್ಟೇಷನರಿ ಅಂಗಡಿಗೆ ಹೋದೆ. ಭಾನುವಾರ ಆದ್ದರಿಂದ ಅರ್ಧ ಶಟರು ಎಳೆದಿದ್ದರು. ಬಗ್ಗಿ ಒಳಗೆ ಹೋಗಿ ಪೆನ್ನು ತೋರಿಸಿ, ಇದಕ್ಕೆ ಹಸಿರು ರೀಫಿಲ್ ಇದೆಯೇ ಎಂದು ಕೇಳಿದೆ. ಅಂಗಡಿಯವರು ನಾಲ್ಕು ಡಬ್ಬಿ ತೆಗೆದು ಹುಡುಕಿದರು. ಹಸಿರು ಈಗ ಯಾರೂ ಕೇಳುವುದಿಲ್ಲ ಎಂದು ಗೊಣಗಿದರು. ಐದನೆಯ ಡಬ್ಬಿಯಲ್ಲಿ ಸಿಕ್ಕಿತು. ಒಂದು ಸಾಕೇ ಎಂದು ಕೇಳಿದರು.

ಎರಡು ಕೊಡಿ ಎಂದೆ, ಬರೆಯುವವರು ಇಬ್ಬರಿದ್ದೇವೆ.